ಉಲ್ಕೆ ಎದ್ದೇಳಲಿಲ್ಲ

ಜೂನ್ ೪

ಅಪ್ಪನಿಗೆ,

ಹೊಸ ವರ್ಷಕ್ಕೊಂದು ಕಾರ್ಡು ಹಾಕೋದು ಬಿಟ್ಟರೆ ನಾನು ನಿಮಗೆ ಬರೆದವಳಲ್ಲ. ಇದ್ದಕ್ಕಿದ್ದಂತೆ ಕಾಗದ ಬಂತಲ್ಲ ಅಂತ ಗಾಬರಿಯಾಗಬೇಡಿ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೀನಿ. ಫೋನ್ ಮಾಡೋಣ ಅಂದರೆ ನಿಮಗೆ ಕೇಳಿಸೋದಿಲ್ಲ. ಹೋದ ಸಲ ನಾನು "ಊಟ ಆಯ್ತಾ" ಅಂದರೆ ನೀವು "ಇಲ್ಲ, ಇನ್ನೂ ರಿಪೇರಿ ನಡೀತಿದೆ" ಅಂದಿರಿ. ದಿನವಿಡೀ ಊರವರ ಕಿವಿಗೆಲ್ಲ ಅಚ್ಚು ತೆಗೆದು ಮೆಷಿನ್ನು ಕೂರಿಸೋದೇ ನನ್ನ ಕೆಲಸ. ಸ್ವಂತ ಅಪ್ಪನ ಕಿವಿ ಮಾತ್ರ ಮುಟ್ಟೋ ಹಾಗಿಲ್ಲ. ಇರಲಿ.

ವಿಷಯ ಏನಪ್ಪಾ ಅಂದರೆ, ನಮ್ಮ ಕ್ಲಿನಿಕ್ಕಿನ ಕೆಳಗಡೆ ಕನ್ನಡಕದ ಅಂಗಡಿ ಇದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡೋ ಹುಡುಗಿ ಒಬ್ಬಳಿದ್ದಾಳೆ, ಮೂವತ್ತು ಆಗಿರಲಿಕ್ಕಿಲ್ಲ, ಮಾತು ಶುರು ಮಾಡಿದರೆ ನಲ್ಲಿ ತಿರುಗಿಸಿಟ್ಟ ಹಾಗೆ. ಮೊನ್ನೆ ನನ್ನ ಕನ್ನಡಕದ ಕಾಲು ಸಡಿಲವಾಗಿತ್ತು ಅಂತ ಹೋದೆ. ಅವಳ ಮೇಜಿನ ಗಾಜಿನ ಕೆಳಗೆ ಒಂದು ಚಿತ್ರ ಇತ್ತು. ನೀಲಿ ಉಡುಪು, ಮುಖವೆಲ್ಲ ಮುಚ್ಚೋ ಮುಖವಾಡ, ಎದೆ ಮೇಲೆ ಬೆಂಕಿಯ ಬಾಲ. 'ಉಲ್ಕೆ' ಸಿನಿಮಾದ್ದು. ನಾನು ನೋಡಿದ ಕೂಡಲೇ "ಅರೆ, ನಮ್ಮಪ್ಪ" ಅಂದುಬಿಟ್ಟೆ.

ಅವಳು ಮೊದಲು ನಂಬಲಿಲ್ಲ. "ಅದು ಹೀರೋ ಅಲ್ವಾ?" ಅಂದಳು. ಮುಖವಾಡ ತೆಗೆದು ಮಾತಾಡುವಾಗ ಮಾತ್ರ ಹೀರೋ, ಮುಖವಾಡ ಹಾಕಿ ಹಾರೋದು ಬೀಳೋದು ಹೊಡೆದಾಡೋದು ಎಲ್ಲ ನಮ್ಮಪ್ಪ, ಈಜು ಕಲಿಸೋ ಮೇಷ್ಟ್ರು, ಎತ್ತರ ಅಂತ ಕರೆದುಕೊಂಡು ಹೋಗಿದ್ದರು ಅಂದೆ. ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. "ಹಾಗಾದರೆ ಆ ಕೊನೇ ದೃಶ್ಯ? ಮಂಡಿಯೂರಿ ಕೂರೋದು? ಅದೂ ನಿಮ್ಮಪ್ಪನೇ?"

ನಾನು ಸಿನಿಮಾ ನೋಡಿಲ್ಲ, ಗೊತ್ತಿಲ್ಲ ಅಂದೆ. ಅದು ನಿಜ. ನಮ್ಮ ಸ್ಕೂಲಿನಲ್ಲಿ ಹುಡುಗರು ಗೋಡೆ ಮೇಲಿದ್ದ ಪೋಸ್ಟರಿನಲ್ಲಿ 'ಉಲ್ಕೆ'ಯನ್ನ 'ಉಳಿಕೆ' ಅಂತ ತಿದ್ದಿದ್ದು ನೆನಪಿದೆ. ತಂಗಳು ಉಳಿಕೆ, ತಂಗಳು ಉಳಿಕೆ ಅಂತ ನನ್ನ ಹಿಂದೆ ಕೂಗಿಕೊಂಡು ಬರೋರು. ಆ ಸಿನಿಮಾದ ಬಗ್ಗೆ ನನಗೆ ಗೊತ್ತಿರೋದು ಅಷ್ಟೇ.

ಈಗ ಕಾಲ ತಿರುಗಿದೆ ಅಪ್ಪ. ಇವರದೊಂದು ಗುಂಪಿದೆಯಂತೆ. ಚಿಕ್ಕಂದಿನಲ್ಲಿ ನೋಡಿ ಬೈದವರು, ಟಿಕೆಟ್ಟಿನ ದುಡ್ಡು ವಾಪಸ್ ಕೊಡಿ ಅಂತ ಗಲಾಟೆ ಮಾಡಿದವರು, ಎಲ್ಲ ಸೇರಿ ಈಗ ಮತ್ತೆ ಮತ್ತೆ ನೋಡಿ ಚರ್ಚೆ ಮಾಡ್ತಾರೆ. ಆ ಕಾಲಕ್ಕೆ ಇಂಥ ಸಿನಿಮಾ ತೆಗೆಯೋಕೆ ಗುಂಡಿಗೆ ಬೇಕಿತ್ತು ಅಂತಾರೆ. ನವೆಂಬರಿನಲ್ಲಿ ದೊಡ್ಡ ಪರದೆ ಮೇಲೆ ತೋರಿಸ್ತಾರಂತೆ, ನೀವು ಬಂದು ನಾಲ್ಕು ಮಾತಾಡಬೇಕಂತೆ. ಕೇಳಿ ನೋಡಿ ಅಂದಳು, ಕೇಳಿದ್ದೀನಿ.

ನಿಮ್ಮ ಮಗಳು


ಜೂನ್ ೧೮

ಮಗಳೇ,

ಕಾಗದ ಸಿಕ್ಕಿತು. ರಿಪೇರಿ ಮುಗಿದಿದೆ, ಊಟವೂ ಆಗಿದೆ.

ಈಜುಕೊಳದ ನೀರು ಸೋಸುವ ಪಂಪು ಕೆಟ್ಟು, ನೀರು ಪಾಚಿ ಬಣ್ಣಕ್ಕೆ ತಿರುಗಿತ್ತು. ಈಗ ತಿಳಿಯಾಗಿದೆ. ರಿಟೈರ್ ಆದರೂ ಬೆಳಗಿನ ಒಂದು ಬ್ಯಾಚು ನನಗೇ ಬಿಟ್ಟಿದ್ದಾರೆ. ನೀರಿಗೆ ಹೆದರುವ ದೊಡ್ಡವರದು. ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಬರುತ್ತಾನೆ, ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತವನು ಬಿಡುವುದಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕು. ಮಕ್ಕಳಿಗೆ ಕಲಿಸುವುದು ಸುಲಭ. ಅವಕ್ಕೆ ಮುಳುಗುವುದು ಏನು ಅಂತ ಗೊತ್ತಿರುವುದಿಲ್ಲ.

ಆ ಹುಡುಗಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು. ನಾನು ಬರುವುದಿಲ್ಲ. ಆಗ ನಕ್ಕರು, ಈಗ ಹೊಗಳುತ್ತಾರೆ, ಎರಡಕ್ಕೂ ನಾನು ಏನೂ ಮಾಡಿದವನಲ್ಲ. ಅವರು ಹೇಳಿದಲ್ಲಿ ಹಾರಿದೆ, ಹೇಳಿದಲ್ಲಿ ಬಿದ್ದೆ. ಮಾತಾಡಬೇಕಾದವರು ಡೈರೆಕ್ಟರು. ಅವರನ್ನು ಕರೆಯಲಿ. ಆ ಸಿನಿಮಾ ಆದ ಮೇಲೆ ಅವರಿಗೆ ಯಾರೂ ಇನ್ನೊಂದು ಸಿನಿಮಾ ಕೊಡಲಿಲ್ಲ.

ನೀನೂ ನೋಡುವುದೇನೂ ಬೇಡ. ಹಾರುವಾಗ ಹಗ್ಗ ಕಾಣುತ್ತದೆ.

ಅಮ್ಮನ ಮಂಡಿನೋವು ಹೇಗಿದೆ? ಇನ್ನೂ ಹೊಲಿಗೆ ಮೆಷಿನ್ನು ತುಳಿಯುತ್ತಾಳಾ?

ಅಪ್ಪ


ಜುಲೈ ೯

ಅಪ್ಪನಿಗೆ,

ನೋಡಿದೆ. ನೀವು ಬೇಡ ಅಂದದ್ದಕ್ಕೇ ಹೋದೆ ಅಂತ ಇಟ್ಟುಕೊಳ್ಳಿ.

ಭಾನುವಾರ ಮಧ್ಯಾಹ್ನ, ಒಂದು ಪುಸ್ತಕದಂಗಡಿಯ ಮಹಡಿ ಮೇಲೆ. ಮಡಚೋ ಕುರ್ಚಿಗಳು, ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಬಿಳಿ ಬಟ್ಟೆ. ನನ್ನ ಕಲ್ಪನೆಯಲ್ಲಿ ಇಪ್ಪತ್ತರ ಹುಡುಗರು ಇರ್ತಾರೆ ಅಂತ. ಹೋಗಿ ನೋಡಿದರೆ ಹೊಟ್ಟೆ ಬಂದವರು, ತಲೆ ಬೋಳಾದವರು, ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಂಡವರು. ಒಬ್ಬರು ಔಷಧಿ ಅಂಗಡಿಯವರು, ಚಿಕ್ಕವರಿದ್ದಾಗ ಥಿಯೇಟರಿನ ಸೀಟು ಹರಿದಿದ್ದರಂತೆ, ಅದನ್ನ ಎಲ್ಲರಿಗೂ ಹೇಳಿಕೊಂಡು ಓಡಾಡ್ತಿದ್ದರು. ಇನ್ನೊಬ್ಬರು ಹಟಮಾರಿ ಹೆಂಗಸು, ಗಣಿತದ ಟೀಚರಂತೆ. "ಆಗಲೂ ಕೆಟ್ಟದಾಗಿತ್ತು, ಈಗಲೂ ಕೆಟ್ಟದಾಗಿದೆ, ನಾನು ಬರೋದು ನಿಮ್ಮ ಜೊತೆ ಜಗಳ ಆಡೋಕೆ" ಅಂದರು. ನನಗೆ ಅವರೇ ಇಷ್ಟವಾದರು.

ಯಾಕಂದರೆ ಸಿನಿಮಾ ಚೆನ್ನಾಗಿಲ್ಲ ಅಪ್ಪ. ಮುಕ್ಕಾಲು ಭಾಗ ಸಹಿಸೋಕಾಗಲ್ಲ. ಖಳನಾಯಕ ಮಾತಾಡ್ತಾನೇ ಇರ್ತಾನೆ. ಹೀರೋಯಿನ್ನಿಗೆ ಕಿರುಚೋದು ಬಿಟ್ಟು ಬೇರೆ ಕೆಲಸವಿಲ್ಲ. ಹಗ್ಗವೂ ಕಾಣುತ್ತೆ.

ಆಮೇಲೆ ಕೊನೆ ಬಂತು. ಕಟ್ಟಡ ಕುಸಿದಿದೆ, ಧೂಳು. ಉಲ್ಕೆ ಬರ್ತಾನೆ, ಚಪ್ಪಡಿ ಎತ್ತಿ ಎಸೀತಾನೆ, ಕೆಳಗೆ ಮಗು. ಎತ್ತಿಕೊಂಡು ಮಂಡಿಯೂರಿ ಕೂರ್ತಾನೆ. ಆ ಥರದ ಸಿನಿಮಾಗಳಲ್ಲಿ ಆ ಹೊತ್ತಿಗೆ ಮಗು ಕಣ್ಣು ಬಿಡಬೇಕು, ಸಂಗೀತ ಏರಬೇಕು, ಹಾರಬೇಕು. ಇಲ್ಲಿ ಏನೂ ಆಗೋದಿಲ್ಲ. ಕೂತೇ ಇರ್ತಾನೆ. ಧೂಳು ಇಳಿಯುತ್ತೆ. ಸಂಗೀತವಿಲ್ಲ. ಔಷಧಿ ಅಂಗಡಿಯವರು ಕರವಸ್ತ್ರ ತೆಗೆದರು. ಸಿನಿಮಾ ಅಲ್ಲಿಗೇ ಮುಗಿಯುತ್ತೆ.

ಆಮೇಲೆ ಚರ್ಚೆ. ಒಬ್ಬರು ಇದು ಯುದ್ಧದ ವಿರುದ್ಧದ ಸಿನಿಮಾ ಅಂದರು. ಒಬ್ಬರು ಇದು ದೇವರ ಸೋಲು ಅಂದರು. ಬಲ ಇದ್ದೂ ಬಲ ಬೇಡ ಅನ್ನೋದೇ ನಿಜವಾದ ಬಲ ಅಂತ ಒಬ್ಬ ಹುಡುಗ ತುಂಬ ಹೊತ್ತು ಮಾತಾಡಿದ. ಗಣಿತದ ಟೀಚರು ಮಾತ್ರ, "ಅಷ್ಟೆಲ್ಲ ಇಲ್ಲ. ಆದರೆ ಆ ಮನುಷ್ಯ ಕೂತಿರೋದು ನೋಡಿದರೆ ನನಗೂ ಜಗಳ ಮರೆತುಹೋಗುತ್ತೆ, ಅದನ್ನ ಒಪ್ಪಿಕೊಳ್ತೀನಿ" ಅಂದರು.

ನಾನು ನೋಡಿದ್ದು ಬೇರೆ. ಆ ಮಗುವಿನ ಕಾಲು ನಿಮ್ಮ ಮೊಣಕೈ ಮೇಲಿಂದ ಇಳಿಬಿದ್ದಿದೆ. ನಿಮ್ಮ ಇನ್ನೊಂದು ಕೈ ಆ ಹಿಮ್ಮಡಿ ಹಿಡಿದುಕೊಂಡಿದೆ. ಗ್ಲೌಸ್ ಹಾಕಿದ ಹೆಬ್ಬೆರಳು ಅದನ್ನ ಮೆಲ್ಲಗೆ, ಸುತ್ತಿ ಸುತ್ತಿ ಸವರುತ್ತಿದೆ. ತಮ್ಮನನ್ನ ಮಲಗಿಸುವಾಗ ನೀವು ಹಾಗೇ ಮಾಡ್ತಿದ್ದಿರಿ. ಹಾಗೆ ಮಾಡದಿದ್ದರೆ ಮರಿ ಮಲಗ್ತಿರಲಿಲ್ಲ.

ಅದನ್ನ ಯಾವಾಗ ತೆಗೆದದ್ದು ಅಪ್ಪ? ಮರಿ ಹೋಗೋಕೆ ಮುಂಚೆಯಾ, ಆಮೇಲಾ? ಅವನು ತೀರಿಕೊಂಡ ವಾರವೇ ನೀವು ಕೆಲಸಕ್ಕೆ ವಾಪಸ್ ಹೋದದ್ದು ನನಗೆ ನೆನಪಿದೆ. ಚಿಕ್ಕವಳಾದರೂ ನೆನಪಿದೆ. ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡು ನಿಂತಿದ್ದಿರಿ. ಅಮ್ಮ ತಿರುಗಿ ನೋಡಲಿಲ್ಲ.

ಉತ್ತರ ಬರೆಯಿರಿ.

ನಿಮ್ಮ ಮಗಳು


ಆಗಸ್ಟ್ ೨೩

ಮಗಳೇ,

ತಡವಾಯಿತು. ಬರೆದು ಹರಿದೆ, ಮತ್ತೆ ಬರೆದೆ. ನನಗೆ ಹೇಳಲು ಬರುವುದಿಲ್ಲ, ಆದರೂ ಕೇಳಿದ್ದೀಯ.

ಆಮೇಲೆ. ಮರಿ ಹೋದ ಮೇಲೆ.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಶೂಟಿಂಗು ಊರಿಂದ ದೂರ, ಒಂದು ಕಲ್ಲು ಕ್ವಾರಿಯಲ್ಲಿ. ಫೋನು ಇದ್ದದ್ದು ಕೆಳಗಿನ ಆಫೀಸಿನಲ್ಲಿ. ಮರಿಗೆ ಜ್ವರ ತಲೆಗೇರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಸುದ್ದಿ ಬಂದಾಗ ನಾನು ಹಗ್ಗದಲ್ಲಿ ನೇತಾಡುತ್ತಿದ್ದೆ. ಶಾಟ್ ಮುಗಿದ ಮೇಲೆ ಹೇಳೋಣ ಅಂತ ಯಾರೋ ಅಂದುಕೊಂಡರು. ಹೇಳಿದ ಕೂಡಲೇ ಹೊರಟೆ. ಸಿಕ್ಕ ಲಾರಿ ಹತ್ತಿ ಬಂದೆ. ನಾನು ವಾರ್ಡಿನ ಬಾಗಿಲಿಗೆ ಬಂದಾಗ ಅವನ ಹಾಸಿಗೆಗೆ ಬೇರೆ ಚಾದರ ಹಾಕುತ್ತಿದ್ದರು. ನಿಮ್ಮಮ್ಮ ಬೆಂಚಿನ ಮೇಲೆ ಅವನ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ "ಬಂದಿರಾ" ಅಂದಳು. ಅಷ್ಟೇ.

ಆಮೇಲೆ ಮನೆ. ನಿಮ್ಮಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನೀನು ಮೂಲೆಯಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದೆ. ನನಗೆ ಏನು ಹೇಳಬೇಕು, ಎಲ್ಲಿ ಕೂರಬೇಕು ಗೊತ್ತಾಗಲಿಲ್ಲ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ ಮಗಳೇ. ಕಲ್ಲು ಅಂತ ಜನ ಅಂದದ್ದು ನನ್ನ ಕಿವಿಗೂ ಬಿತ್ತು. ಆಗ ಕಿವಿ ಚೆನ್ನಾಗಿತ್ತು. ಡೈರೆಕ್ಟರು ಬರಬೇಡಿ, ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂತ ಹೇಳಿ ಕಳಿಸಿದ್ದರು. ನಾನೇ ಹೋದೆ. ಮನೆಯಲ್ಲಿ ಉಸಿರಾಡಲು ಆಗುತ್ತಿರಲಿಲ್ಲ.

ಆ ದೃಶ್ಯ ಹಾಗಿರಲಿಲ್ಲ. ಬರೆದದ್ದು ಬೇರೆ. ನೀನು ಹೇಳಿದ ಹಾಗೇ, ಮಗು ಕಣ್ಣು ಬಿಡಬೇಕು, ನಾನು ಎತ್ತಿಕೊಂಡು ಹಾರಬೇಕು. ಮಗು ಅಂದರೆ ಸೆಟ್ಟಿನ ಬಡಗಿಯ ಮಗಳು. ಮರಿಯಷ್ಟೇ ಎತ್ತರ, ಮರಿಯಷ್ಟೇ ಭಾರ. ಅದು ನನಗೆ ಎತ್ತಿಕೊಳ್ಳುವ ತನಕ ಹೊಳೆದಿರಲಿಲ್ಲ. ಮಂಡಿಯೂರಿದೆ. ಅವಳ ಕಾಲು ನನ್ನ ಕೈಗೆ ಸಿಕ್ಕಿತು. ಅಲ್ಲಿಗೆ ಮುಗಿಯಿತು.

ಡೈರೆಕ್ಟರು "ಏಳಿ" ಅಂದರು. ಏಳಲು ಆಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿದ್ದರು, ಮೇಲಿದ್ದವರು ಸ್ವಲ್ಪ ಎಳೆದರು, ನಾನು ಏಳಲಿಲ್ಲ. ಮುಖವಾಡದ ಒಳಗೆ ಎಲ್ಲ ಒದ್ದೆ. ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ತುಟಿ ಅಲುಗಿಸದೆ ಕೇಳಿದಳು, "ಅಂಕಲ್, ಈಗ ಕಣ್ಣು ಬಿಡ್ಲಾ?" ನಾನು ಹಿಮ್ಮಡಿ ಸವರುತ್ತಲೇ ಇದ್ದೆ. ಅವಳು ಜಾಣೆ. ಬಿಡಲಿಲ್ಲ. ಡೈರೆಕ್ಟರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಕ್ಯಾಮರಾದಲ್ಲಿ ರೀಲು ಮುಗಿಯುವವರೆಗೂ ಯಾರೂ ಅಲುಗಲಿಲ್ಲ.

ಆಮೇಲೆ ಒಂದು ದಿನ ಎಡಿಟಿಂಗ್ ಕೋಣೆಗೆ ಕರೆದು ತೋರಿಸಿದರು. "ಬೇಡ ಅನ್ನಿಸಿದರೆ ಈಗಲೇ ಹೇಳಿ. ಮಗು ಕಣ್ಣು ಬಿಡೋ ಹಾಗೆ ಇನ್ನೊಂದು ಸಲ ತೆಗೀತೀನಿ. ಪ್ರೊಡ್ಯೂಸರ್ ಅದನ್ನೇ ಕೇಳ್ತಿದ್ದಾರೆ" ಅಂದರು. ನಾನು ಇರಲಿ ಅಂದೆ. ಮನೆಯಲ್ಲಿ ನನ್ನಿಂದ ಆಗದೇ ಇದ್ದದ್ದು ಅಲ್ಲಿ ಆಗಿತ್ತು. ಅದೊಂದು ಕಡೆಯಾದರೂ ಮರಿಗಾಗಿ ನಾನು ಅತ್ತದ್ದು ಇರಲಿ ಅನ್ನಿಸಿತು. ಜನ ನಗುತ್ತಾರೆ ಅಂತ ನನಗೂ ಗೊತ್ತಿರಲಿಲ್ಲ, ಪಾಪ ಅವರಿಗೂ ಗೊತ್ತಿರಲಿಲ್ಲ.

ಆ ಗುಂಪಿನವರಿಗೆ ಇದನ್ನು ಹೇಳಬೇಡ. ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಅಪ್ಪ


ಸೆಪ್ಟೆಂಬರ್ ೧೫

ಅಪ್ಪನಿಗೆ,

ಅಮ್ಮನಿಗೆ ಹೇಳಿದೆ. ಹೇಳಿದೆ ಅನ್ನೋದಕ್ಕಿಂತ ಸಿಕ್ಕಿಬಿದ್ದೆ. ನಿಮ್ಮ ಕಾಗದ ಓದುತ್ತಾ ಅಡುಗೆಮನೆಯಲ್ಲಿ ಅಳ್ತಾ ನಿಂತಿದ್ದೆ, ಒಲೆ ಮೇಲೆ ಹಾಲು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ. ಅವಳು ಬಂದು ಒಲೆ ಆರಿಸಿ, ಕವರಿನ ಮೇಲಿನ ಅಕ್ಷರ ನೋಡಿದಳು. "ಏನಂತೆ?" ಅಂದಳು. ನಿಮ್ಮ ಅಕ್ಷರ ಅವಳಿಗೆ ಇನ್ನೂ ಗುರುತಿದೆ.

ನಾನು ಉಲ್ಕೆ ನೋಡಿ ಬಂದೆ ಅಂದೆ. ಕೊನೇ ದೃಶ್ಯದ ವಿಷಯ ಹೇಳೋಕೆ ಬಾಯಿ ತೆಗೆದೆ. ಅವಳು ಒಲೆ ಒರೆಸುತ್ತಾ, ತಿರುಗಿ ನೋಡದೆ, "ಗೊತ್ತು. ಹಿಮ್ಮಡಿ" ಅಂದಳು.

ಅವಳು ಆಗಲೇ ನೋಡಿದ್ದಾಳೆ ಅಪ್ಪ. ಸಿನಿಮಾ ಬಂದ ವಾರವೇ, ಒಬ್ಬಳೇ ಹೋಗಿ. ಯೂನಿಫಾರಂ ಅಂಗಡಿಯಲ್ಲಿ ಬಟ್ಟೆ ಕತ್ತರಿಸೋ ಕೆಲಸ ಇತ್ತಲ್ಲ, ಮಧ್ಯಾಹ್ನ ರಜೆ ಕೇಳಿ ಹೋಗಿದ್ದಳಂತೆ. ನೀವು ಹೋಗಿ ಏನು ಮಾಡಿದಿರಿ, ಅಷ್ಟು ಅವಸರದ ಕೆಲಸ ಏನಿತ್ತು ನೋಡೋಣ ಅಂತ.

"ಚಪ್ಪಡಿ ಎತ್ತಿದಾಗ ಶಿಳ್ಳೆ ಹೊಡೆದರು" ಅಂದಳು. "ಆಮೇಲೆ ಅವರು ಕೂತೇ ಇದ್ದರಲ್ಲ, ಜನಕ್ಕೆ ತಾಳ್ಮೆ ಕೆಟ್ಟಿತು. ಯಾರೋ 'ಏಳೋ ಲೇಟಾಯ್ತು' ಅಂತ ಕೂಗಿದ. ಥಿಯೇಟರೆಲ್ಲ ನಕ್ಕಿತು. ನನ್ನ ಪಕ್ಕದಲ್ಲಿದ್ದ ಹೆಂಗಸೂ ನಕ್ಕಳು. ನಮ್ಮನೆಯಲ್ಲಿ ಆದದ್ದಕ್ಕೆ ಅಷ್ಟು ಜನ ನಗ್ತಾ ಇದ್ದರು."

"ಅದಕ್ಕೆ ಅಪ್ಪನ ಮೇಲೆ ಸಿಟ್ಟಾ?" ಅಂದೆ.

"ನಕ್ಕದ್ದಕ್ಕಲ್ಲ" ಅಂದಳು. ಒರೆಸೋ ಬಟ್ಟೆ ಹಿಂಡಿ ಕಂಬಿಗೆ ಹಾಕಿ, ಅದನ್ನ ಎಳೆದೆಳೆದು ನೇರ ಮಾಡಿದಳು. "ಅಳೋಕೆ ಅವರಿಗೆ ಮುಖವಾಡ ಬೇಕಾಯ್ತು. ಅಷ್ಟು ದೂರ ಹೋಗಬೇಕಾಯ್ತು. ನಾನು ಮನೆಯಲ್ಲೇ ಇದ್ದೆ."

ನೀವು ಈಜುಕೊಳದ ಊರಿಗೆ ಕೆಲಸ ಬದಲಾಯಿಸಿಕೊಂಡಾಗ ಅವಳು ಯಾಕೆ ಜೊತೆಗೆ ಹೊರಡಲಿಲ್ಲ ಅಂತ ಇಷ್ಟು ವರ್ಷ ಕೇಳಿದ್ದೆ. ನೀವೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಮೊನ್ನೆ ಒಲೆ ಒರೆಸುತ್ತಾ ಹೇಳಿದಳು.

ಈಗ ಜನ ಆ ದೃಶ್ಯ ನೋಡಿ ಅಳ್ತಾರೆ ಅಮ್ಮ, ದೊಡ್ಡದು ಅಂತಾರೆ ಅಂದೆ. "ನಕ್ಕವರೂ ಅವರೇ, ಅಳೋರೂ ಅವರೇ" ಅಂದಳು. "ಅವರವರ ಸಿನಿಮಾ, ಅವರು ಏನಾದರೂ ಮಾಡಿಕೊಳ್ಳಲಿ. ಅದರಲ್ಲಿ ಮರಿ ಎಲ್ಲಿದ್ದಾನೆ?"

ನಿಮ್ಮ ಕಾಗದ ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಅಲ್ಲೇ ಇತ್ತು, ಆದರೆ ಮಡಚಿದ್ದು ಬೇರೆ ಥರ ಇತ್ತು.

ನಿಮ್ಮ ಮಗಳು


ಅಕ್ಟೋಬರ್ ೨೦

ಮಗಳೇ,

ಡೈರೆಕ್ಟರು ಹೋದರು. ಪೇಪರಿನ ಒಳಪುಟದಲ್ಲಿ, ಮದುವೆ ಛತ್ರದ ಜಾಹೀರಾತಿನ ಪಕ್ಕ, ಬೆರಳಗಲ ಹಾಕಿದ್ದರು. ಕೊನೆಗಾಲದಲ್ಲಿ ಯಾವುದೋ ಸ್ಕೂಲಿನಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದು ಹೇಳಿಕೊಡುತ್ತಿದ್ದರಂತೆ. ಇಷ್ಟು ಹತ್ತಿರದ ಊರಿನಲ್ಲಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಹೋಗುತ್ತಿದ್ದೆನಾ, ಅದೂ ಗೊತ್ತಿಲ್ಲ.

ಪ್ರೊಡ್ಯೂಸರ್ ಎಷ್ಟು ಒತ್ತಾಯ ಮಾಡಿದರೂ ಅವರು ಕೊನೆ ಬದಲಾಯಿಸಲಿಲ್ಲ. ನಾನು ಇರಲಿ ಅಂದಿದ್ದೆ ಅಂತ. ಯಾಕೆ ಬದಲಾಯಿಸಲಿಲ್ಲ ಅಂತ ಪೇಪರಿನವರು ಕೇಳಿದಾಗ "ನನಗೆ ಹಾಗೇ ಬೇಕಿತ್ತು" ಅಂದರು. ನನ್ನ ಹೆಸರು ಎತ್ತಲಿಲ್ಲ, ಮರಿಯ ವಿಷಯ ಎತ್ತಲಿಲ್ಲ. ಬೈಗುಳವನ್ನೆಲ್ಲ ತಾವೇ ತಿಂದರು. ಅವರ ಮಾತಿಗೆ ಈಗ ಜನ ತಲೆದೂಗುತ್ತಾರಂತೆ, ಅದನ್ನು ಕೇಳಿಸಿಕೊಳ್ಳಲು ಅವರಿಲ್ಲ.

ನವೆಂಬರಿಗೆ ಬರುತ್ತೇನೆ ಅಂತ ಆ ಹುಡುಗಿಗೆ ಹೇಳು. ಅವರ ಪರವಾಗಿ ಯಾರಾದರೂ ಅಲ್ಲಿ ಇರಬೇಕು. ಭಾಷಣ ಮಾಡುವುದಿಲ್ಲ. ಅದೇ ದಿನ ಸಂಜೆ ಬಸ್ಸಿಗೆ ವಾಪಸ್ ಹೊರಡುತ್ತೇನೆ. ಮನೆಗೆ ಬರುವುದಿಲ್ಲ, ಅಮ್ಮನಿಗೆ ತೊಂದರೆ ಬೇಡ.

ಅಪ್ಪ


ನವೆಂಬರ್ ೨೬

ಅಪ್ಪನಿಗೆ,

ಸಿನಿಮಾ ತೋರಿಸಿದ ದಿನ ನೀವು ಹಾಲ್‌ನಲ್ಲೇ ಇದ್ದಿರಿ, ನಾನು ಬರೆಯೋದೇನು ಅನ್ನಬೇಡಿ. ಅರ್ಧಕ್ಕರ್ಧ ನಿಮಗೆ ಕೇಳಿಸಿಲ್ಲ ಅಂತ ನನಗೆ ಗೊತ್ತು. ಎಲ್ಲಿ ತಲೆಯಾಡಿಸ್ತಾರೆ, ಎಲ್ಲಿ ಸುಮ್ಮನೆ ನಗ್ತಾರೆ ಅಂತ ನೋಡಿ ನೋಡಿ ಕಿವಿ ಕೇಳದವರನ್ನ ಗುರುತಿಸೋದೇ ನನ್ನ ಹೊಟ್ಟೆಪಾಡು. ಅದಕ್ಕೆ ಕೇಳಿಸದ್ದನ್ನ ಬರೀತಿದ್ದೀನಿ.

ಕೊನೇ ದೃಶ್ಯ ಬಂದಾಗ ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದು ನಿಂತರು. ಕುರ್ಚಿಗಳು ಸದ್ದು ಮಾಡದ ಹಾಗೆ ಕೈಯಲ್ಲಿ ಹಿಡಿದುಕೊಂಡು ಎದ್ದರು. ನೀವು ಪರದೆ ನೋಡದೆ ತಲೆ ಬಗ್ಗಿಸಿ ಕೂತಿದ್ದಿರಿ. ತಲೆ ಎತ್ತಿದಾಗ ಹಾಲೆಲ್ಲ ನಿಂತಿತ್ತಲ್ಲ, ಸಿನಿಮಾ ಮುಗಿದು ಹೊರಟರು ಅಂತ ತಿಳಿದು ನೀವೂ ಎದ್ದು ಬಾಗಿಲ ಕಡೆ ಹೊರಟಿರಿ. ಅವರು ನಿಂತದ್ದು ಡೈರೆಕ್ಟರಿಗೆ, ನಿಮಗೆ. ಮೊದಲು ಎದ್ದವರು ಗಣಿತದ ಟೀಚರು.

ಆಮೇಲೆ ನಿಮ್ಮನ್ನ ವೇದಿಕೆಗೆ ಹತ್ತಿಸಿದರಲ್ಲ, ಆಗ ಕೇಳಿದವರು ಆ ಔಷಧಿ ಅಂಗಡಿಯವರು. ಅವರು ಮೈಕು ದೂರ ಹಿಡಿದಿದ್ದರು, ಹಾಗಾಗಿ ನಿಮಗೆ ಬರೀ ಕೊನೇ ಮಾತು ಸಿಕ್ಕಿರಬೇಕು. ಪೂರ್ತಿ ಕೇಳಿದ್ದು ಹೀಗೆ: "ಸಾರ್, ಅವತ್ತು ನಾನು ಥಿಯೇಟರಿನಲ್ಲಿ ನಕ್ಕಿದ್ದೆ, ಸೀಟು ಹರಿದಿದ್ದೆ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದುಕೊಂಡು ನಾನು ಹಾಗೇ ಕೂತಿದ್ದೆ, ಏಳೋಕೆ ಆಗಲಿಲ್ಲ. ಆಗ ನನಗೆ ಈ ದೃಶ್ಯ ನೆನಪಾಯಿತು. ಅಷ್ಟು ಸರಿಯಾಗಿ ನಿಮಗೆ ಹೇಗೆ ಗೊತ್ತಿತ್ತು? ಆ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

ನೀವು ಮೈಕು ಬೇಡ ಅಂತ ಸರಿಸಿ ಹೇಳಿದಿರಿ, "ಬೂಟು ಚಿಕ್ಕದು. ಕಾಲು ಜೋಮು ಹಿಡಿದಿತ್ತು. ಏಳೋಕೆ ಆಗಲಿಲ್ಲ."

ಜನ ನಕ್ಕರು. ಹಳೇ ಥಿಯೇಟರಿನ ನಗುವಲ್ಲ ಅದು, ಪ್ರೀತಿಯ ನಗು. ನನ್ನ ಹಿಂದೆ ಒಬ್ಬರು "ಎಂಥ ವಿನಯ ನೋಡಿ" ಅಂದರು. ಅವರ ಪಕ್ಕದ ಹುಡುಗ "ಜೋಮು ಅನ್ನೋದರಲ್ಲಿ ಬೇರೆ ಅರ್ಥ ಇದೆ" ಅಂದ. ಔಷಧಿ ಅಂಗಡಿಯವರು ಮಾತ್ರ ನಗಲಿಲ್ಲ. ನಿಮ್ಮನ್ನೇ ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ ಕೂತರು. ಅವರಿಗೆ ಗೊತ್ತಾಗಿರಬೇಕು.

ಬಸ್ ಸ್ಟ್ಯಾಂಡಿನಲ್ಲಿ ನೀವು ಕೇಳಿದಿರಿ, "ಹೇಳಬೇಕಿತ್ತಾ?" ಅಂತ. ಬಸ್ಸು ಹೊರಟಿತು, ನನ್ನ ಉತ್ತರ ಉಳಿಯಿತು. ಇಲ್ಲ ಅಪ್ಪ. ಅವರಿಗೆ ಹೇಳಬೇಕಾಗಿರಲಿಲ್ಲ. ಅವರಿಗೆ ಬೇಕಾದದ್ದು ಅವರಿಗೆ ಆ ಪರದೆ ಮೇಲೇ ಸಿಕ್ಕಿದೆ. ಹೇಳಬೇಕಾದ ಒಬ್ಬಳು ಎರಡು ಬೀದಿ ಆಚೆ ಮನೆಯಲ್ಲಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗುವಾಗ ನೀವು ತಿರುವಿನಲ್ಲಿ ನಿಂತು ನಮ್ಮ ಮನೆ ಕಿಟಕಿ ಯಾವುದು ಅಂತ ಕೇಳಿದಿರಿ, ನಾನು ತೋರಿಸಿದೆ, ನೋಡಿ ಮುಂದೆ ನಡೆದಿರಿ.

ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ಯಾರದೋ ಪ್ಯಾಂಟಿನ ಅಂಚು ಹೊಲೀತಿದ್ದಳು. ಬೂಟಿನ ಮಾತಿಗೆ ಮೆಷಿನ್ನು ನಿಲ್ಲಿಸಿದಳು. "ನಿಜ. ಆ ಬೂಟು ಚಿಕ್ಕದೇ ಇತ್ತು. ಅವರು ಬಂದಾಗ ಕಾಲೆಲ್ಲ ಬೊಬ್ಬೆ" ಅಂದಳು. ಆಮೇಲೆ, "ಮರಿಯ ವಿಷಯ ಏನೂ ಹೇಳಲಿಲ್ಲವಾ?" ಅಂದಳು. ಇಲ್ಲ ಅಂದೆ. "ಅಷ್ಟು ಜನ ಕೇಳಿದರೂ?" ಅಂದಳು. ಇಲ್ಲ ಅಂದೆ.

ಮತ್ತೆ ಮೆಷಿನ್ನು ತುಳಿಯಲಿಲ್ಲ. ಎದ್ದು ಒಳಗೆ ಹೋದಳು.

ನಿಮ್ಮ ಮಗಳು


ಡಿಸೆಂಬರ್ ೧೧

ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ಹಾಗೇ ಬರೀತಿದ್ದೀನಿ.

ನೀವು ಮಗಳಿಗೆ ಬರೆದದ್ದು ಓದಿದೆ. ಕ್ವಾರಿಯದ್ದು, ಆ ಬಡಗಿಯ ಮಗಳು ಕೇಳಿದ್ದು, ಎಲ್ಲ. ಜನರ ಮುಂದೆ ನೀವು ಬೂಟು ಅಂದದ್ದೂ ಗೊತ್ತಾಯಿತು. ಮರಿಯನ್ನ ಅವರ ಕೈಗೆ ಕೊಡಲಿಲ್ಲ ನೀವು. ಅದಕ್ಕೇ ಬರೀತಿದ್ದೀನಿ.

ನೀವು ವಾರ್ಡಿಗೆ ಬಂದಾಗ ನಾನು "ಬಂದಿರಾ" ಅಂದೆ, ಅಷ್ಟೇ ಅಂದೆ ಅಂತ ಬರೆದಿದ್ದೀರಿ. ನಿಜ. ಆದರೆ ನೀವೂ ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವನು ಹೇಗೆ ಇದ್ದ, ಏನಂದ, ನೋವಿತ್ತಾ, ಯಾವುದನ್ನೂ. ಕೇಳಲಿ ಅಂತ ನಾನು ಗೋಡೆ ಕಡೆ ಮುಖ ಮಾಡಿಕೊಂಡೇ ಕಾಯ್ತಾ ಇದ್ದೆ. ಕೇಳದವರಿಗೆ ಹೇಳೋದೇನು ಅಂತ ನನ್ನೊಳಗೇ ಇಟ್ಟುಕೊಂಡೆ. ಕೇಳೋಕೆ ಆಗದವರೂ ಇರ್ತಾರೆ ಅಂತ ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು.

ಈಗ ಹೇಳ್ತೀನಿ, ಕೂತುಕೊಂಡು ಓದಿ.

ಬೆಳಗಿನಿಂದ ಅವನಿಗೆ ಮೈಮೇಲೆ ಜ್ಞಾನ ಇರಲಿಲ್ಲ. ಒಮ್ಮೊಮ್ಮೆ ಕಣ್ಣು ಬಿಟ್ಟು "ಅಪ್ಪ ಎಲ್ಲಿ" ಅಂತಿದ್ದ. ಬರ್ತಿದ್ದಾರೆ ಅಂತಿದ್ದೆ. ಮತ್ತೆ ಮುಚ್ಚಿಕೊಳ್ತಿದ್ದ. ಸಂಜೆ ಹೊತ್ತಿಗೆ ಚಾದರ ಬದಲಾಯಿಸಬೇಕು ಅಂತ ವಾರ್ಡಿನ ಅಟೆಂಡರ್ ಬಂದರು. ನಿಮ್ಮಷ್ಟೇ ಎತ್ತರದ ಮನುಷ್ಯ, ನಿಮ್ಮ ಹಾಗೇ ದೊಡ್ಡ ಕೈ. ಕಿಟಕಿಯ ಬೆಳಕು ಅವರ ಬೆನ್ನಿಗಿತ್ತು, ಮುಖ ಕಾಣ್ತಿರಲಿಲ್ಲ. ಅವರು ಮರಿಯನ್ನ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತರು, ನರ್ಸು ಹಾಸಿಗೆ ಸರಿ ಮಾಡ್ತಿದ್ದಳು. ಮರಿ ಕಣ್ಣು ಬಿಟ್ಟ. ಅವರ ಕುತ್ತಿಗೆಗೆ ಕೈ ಹಾಕಿ, ಭುಜದ ಮೇಲೆ ತಲೆಯಿಟ್ಟು, "ಅಪ್ಪ ಬಂದ್ರು" ಅಂದ. ಸ್ಪಷ್ಟವಾಗಿ ಅಂದ.

ಆ ಮನುಷ್ಯ ನನ್ನ ಮುಖ ನೋಡಿದರು. ನಾನು ಇಲ್ಲ ಅನ್ನಲಿಲ್ಲ. ಅವರು ಏನೂ ಕೇಳದೆ, "ಹೂಂ ಮಗ, ಬಂದೆ" ಅಂದರು. ಹಾಸಿಗೆ ಸಿದ್ಧವಾದರೂ ಇಳಿಸಲಿಲ್ಲ. ಎತ್ತಿಕೊಂಡೇ ಇದ್ದರು. ಮರಿ ಅಲ್ಲೇ ಮಲಗಿದ. ಆಮೇಲೆ ಅವನು ಯಾರನ್ನೂ ಕೇಳಲಿಲ್ಲ, ಎಚ್ಚರವೂ ಆಗಲಿಲ್ಲ. ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಹುಡುಕಿಕೊಂಡು ಹೋದೆ, ಬೇರೆ ಕಡೆ ಹೋಗಿದ್ದರು.

ಹೊತ್ತಿಗೆ ಬಾರದೇ ಇದ್ದದ್ದನ್ನ ನೆನೆದು ಇಷ್ಟು ವರ್ಷ ನೀವು ಬೆಂದಿದ್ದೀರಿ. ಅದು ಮರಿಗೆ ಗೊತ್ತಿಲ್ಲ. ಅವನ ಮಟ್ಟಿಗೆ ನೀವು ಬಂದಿರಿ, ಎತ್ತಿಕೊಂಡಿರಿ, ನಿಮ್ಮ ಭುಜದ ಮೇಲೆ ಅವನು ಮಲಗಿದ.

ತಡವಾಗಿ ಬಂದದ್ದು ನನ್ನ ಹತ್ತಿರಕ್ಕೆ ಮಾತ್ರ.

ಮರಿಯ ಅಮ್ಮ